ಚಿನ್ನಕ್ಕೊಂದು ಒರೆಗಲ್ಲು: ಡಿರಾಕ್ ತಂತ್ರಾಂಶದ ಸಾಪೇಕ್ಷತಾ ಲೆಕ್ಕಗಳು ಎಷ್ಟು ನಿಖರ?

ಅಂಗಡಿಗೆ ಹೊಸ ತಕ್ಕಡಿ ಬಂದಾಗ ಅದರ ಮೇಲೆ ಮೊದಲು ಇಡುವುದು ಸಾಮಾನನ್ನಲ್ಲ, ತೂಕ ಗೊತ್ತಿರುವ ಕಲ್ಲನ್ನು. ಪರಮಾಣು, ಅಣುಗಳಲ್ಲಿನ ಎಲೆಕ್ಟ್ರಾನುಗಳ ಶಕ್ತಿಯನ್ನು ಐನ್‌ಸ್ಟೈನರ ಸಾಪೇಕ್ಷತೆಯನ್ನೂ ಸೇರಿಸಿ ಲೆಕ್ಕ ಹಾಕುವ ಡಿರಾಕ್ ಎಂಬ ತಂತ್ರಾಂಶವನ್ನು ನನ್ನ ಮೇಜಿನ ಕಂಪ್ಯೂಟರಿನಲ್ಲಿ ಹಾಕಿಕೊಂಡ ದಿನ ನಾನು ಅದಕ್ಕೆ ಕೊಟ್ಟ ಮೊದಲ ಲೆಕ್ಕ, ಎಂಬತ್ತು ಎಲೆಕ್ಟ್ರಾನುಗಳಲ್ಲಿ ಎಪ್ಪತ್ತೊಂಬತ್ತನ್ನು ಕಳೆದುಕೊಂಡು ಒಂದನ್ನು ಮಾತ್ರ ಉಳಿಸಿಕೊಂಡ ಪಾದರಸದ ಅಯಾನಿನದು. ರಸಾಯನಶಾಸ್ತ್ರದ ದಿನಬಳಕೆಗೆ ಬಾರದ ಈ ಅಯಾನಿಗೆ ಒಂದು ದೊಡ್ಡ ಗುಣವಿದೆ: ಅದರ ಶಕ್ತಿಯನ್ನು ಕಾಗದದ ಮೇಲೆ, ಯಾವ ಅಂದಾಜಿನ ಹಂಗೂ ಇಲ್ಲದೆ, ಬರೆದುಬಿಡಬಹುದು. ಶ್ರೋಡಿಂಗರ್ ಸಮೀಕರಣದ ಪ್ರಕಾರ ಅದು ಋಣ 3200 ಹಾರ್ಟ್ರಿ (ಪರಮಾಣುಗಳ ಶಕ್ತಿಯನ್ನು ಅಳೆಯುವ ಮಾನ). 1928ರಲ್ಲಿ ಪಾಲ್ ಡಿರಾಕ್ ಅವರು ಕೊಟ್ಟ ಸಮೀಕರಣದ ಪ್ರಕಾರ ಋಣ 3532.19 ಹಾರ್ಟ್ರಿ. ಈ ಎರಡರ ನಡುವಿನ 332 ಹಾರ್ಟ್ರಿಗಳ ಅಂತರವೇ ಸಾಪೇಕ್ಷತೆಯ ಪಾಲು. ರಾಸಾಯನಿಕ ಬಂಧವೊಂದರ ಶಕ್ತಿ ಒಂದು ಹಾರ್ಟ್ರಿಯ ಸಣ್ಣದೊಂದು ಭಾಗ ಮಾತ್ರ ಎಂಬುದನ್ನು ನೆನೆದರೆ, ಈ ಪಾಲನ್ನು ತಪ್ಪಾಗಿ ಎಣಿಸುವ ತಂತ್ರಾಂಶವನ್ನು ಭಾರದ ಧಾತುಗಳ ಬಳಿಗೆ ಬಿಟ್ಟುಕೊಳ್ಳುವಂತಿಲ್ಲ.

ನನಗೆ ಬಂದ ಮೊದಲ ಉತ್ತರ ಸರಿಯಾದುದಕ್ಕಿಂತ ಎರಡು ಹಾರ್ಟ್ರಿಯ ಆಸುಪಾಸಿನಲ್ಲಿ ಮೇಲಿತ್ತು. ತಂತ್ರಾಂಶದಲ್ಲೇ ದೋಷವಿದೆಯೆಂದು ತೀರ್ಮಾನಿಸಿ ಎರಡು ಸಂಜೆಗಳನ್ನು ಅದರ ಬೆನ್ನು ಹತ್ತಿ ಕಳೆದೆ. ಕೈಪಿಡಿಯನ್ನು ಸಾವಧಾನವಾಗಿ ಓದಿದಾಗ ತಿಳಿದದ್ದು, ನಾವು ಬೇರೆ ಏನನ್ನೂ ಹೇಳದಿದ್ದರೆ ಈ ತಂತ್ರಾಂಶ ನ್ಯೂಕ್ಲಿಯಸ್ಸನ್ನು ಬಿಂದುವೆಂದು ಎಣಿಸುವುದಿಲ್ಲ, ಗೌಸಿಯನ್ ಆಕಾರದಲ್ಲಿ ಹರಡಿಕೊಂಡ ಸಣ್ಣ ಮೋಡವೆಂದು ಎಣಿಸುತ್ತದೆ. ನಿಜವಾದ ನ್ಯೂಕ್ಲಿಯಸ್ಸಿಗೆ ಗಾತ್ರವಿರುವುದರಿಂದ ಅದೇ ಸರಿಯಾದ ಕ್ರಮ. ಕಾಗದದ ಮೇಲೆ ಬಿಂದುವಿನ ಸೂತ್ರವನ್ನು ಬಳಸಿ, ತೆರೆಯ ಮೇಲೆ ಮೋಡದ ಉತ್ತರವನ್ನು ಇಟ್ಟುಕೊಂಡು ಜಗಳಕ್ಕೆ ನಿಂತವನು ನಾನೇ. ಇನ್‌ಪುಟ್ ಫೈಲಿನಲ್ಲಿ ಒಂದು ಸಾಲನ್ನು ಬದಲಿಸಿ ಬಿಂದು ನ್ಯೂಕ್ಲಿಯಸ್ಸನ್ನು ಕೇಳಿ, ಬೇಸಿಸ್ ಸೆಟ್ಟಿನ, ಅಂದರೆ ಎಲೆಕ್ಟ್ರಾನಿನ ಅಲೆಯನ್ನು ಕೂಡಿಸಿ ಕಟ್ಟಲು ಬಳಸುವ ಸಿದ್ಧ ಫಲನಗಳ, ಘಾತಾಂಕಗಳನ್ನು ಗುಣೋತ್ತರ ಶ್ರೇಢಿಯಲ್ಲಿ ನಾನೇ ಜೋಡಿಸಿ, ಅವುಗಳನ್ನು ನ್ಯೂಕ್ಲಿಯಸ್ಸಿನ ಹತ್ತಿರ ಹತ್ತಿರಕ್ಕೆ ಹೋಗುವಂತೆ ಹೆಚ್ಚಿಸುತ್ತ ಬಂದಂತೆ ಉತ್ತರವು ಸೂತ್ರದ ಸಂಖ್ಯೆಯತ್ತ ಸರಿಯುತ್ತ ಹೋಯಿತು. ತಕ್ಕಡಿ ಸರಿಯಾಗಿದೆ ಎಂದು ಅಂದು ನಂಬಿದೆ.

ಡಿರಾಕ್ ತಂತ್ರಾಂಶವು ಒಬ್ಬರ ಅಥವಾ ಒಂದು ಕಂಪನಿಯ ಸರಕಲ್ಲ. ಟುಲೂಸಿನ ಟ್ರಾಂಡ್ ಸಾವೆ, ಆಮ್‌ಸ್ಟರ್‌ಡಾಮಿನ ಲೂಕ್ ವಿಷರ್, ಓಡೆನ್ಸೆಯ ಹಾನ್ಸ್ ಯೋರ್ಗನ್ ಯೆನ್ಸನ್ ಮೊದಲಾದವರು ದಶಕಗಳಿಂದ ಸೇರಿ ಕಟ್ಟಿದ್ದು. ಈಗ ಮುಕ್ತ ಪರವಾನಗಿಯಡಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಓಡಿಸುವ ಆದೇಶದ ಹೆಸರು ಪ್ಯಾಮ್. ಪಾಲ್ ಏಡ್ರಿಯನ್ ಮಾರಿಸ್ ಡಿರಾಕ್ ಅವರ ಹೆಸರಿನ ಮೊದಲಕ್ಷರಗಳೂ ಅವೇ. ಸಾಪೇಕ್ಷತೆಯಿಂದ ಅಣುಗಳ ರಚನೆಗೂ ಸಾಮಾನ್ಯ ರಾಸಾಯನಿಕ ಕ್ರಿಯೆಗಳಿಗೂ ಏನೂ ಆಗಬೇಕಾದದ್ದಿಲ್ಲ ಎಂದು 1929ರಲ್ಲಿ ಬರೆದವರೂ ಇದೇ ಡಿರಾಕ್ ಎಂಬುದನ್ನು ನೆನೆದಾಗ, ಅವರ ಹೆಸರನ್ನೇ ಹೊತ್ತ ಈ ತಂತ್ರಾಂಶ ಹಗಲಿರುಳು ಅವರ ಆ ಒಂದು ಮಾತನ್ನು ತಿದ್ದುವ ಕೆಲಸದಲ್ಲಿ ತೊಡಗಿದೆಯಲ್ಲ ಎಂದು ನಗು ಬರುತ್ತದೆ.

ಅವರ ಮಾತು ಎಲ್ಲಿ ತಪ್ಪಿತು ಎಂಬುದಕ್ಕೆ ಒಂದು ಸುಲಭವಾದ ಲೆಕ್ಕ ಸಾಕು. ಪರಮಾಣು ಮಾನದಲ್ಲಿ ಬೆಳಕಿನ ವೇಗ ಸುಮಾರು 137. ಅತ್ಯಂತ ಒಳಗಿನ ಎಲೆಕ್ಟ್ರಾನಿನ ವೇಗ ಸರಿಸುಮಾರು ಪರಮಾಣು ಸಂಖ್ಯೆಯಷ್ಟೇ. ಚಿನ್ನದ 79ನ್ನು 137ರಿಂದ ಭಾಗಿಸಿದರೆ ಆ ಎಲೆಕ್ಟ್ರಾನು ಬೆಳಕಿನ ವೇಗದ ನೂರಕ್ಕೆ 58ರಷ್ಟರಲ್ಲಿ ಓಡುತ್ತಿದೆ ಎಂದಾಯಿತು. ಅದರ ದ್ರವ್ಯರಾಶಿ ಹೆಚ್ಚಿದಂತಾಗಿ, ಅದರ ಕಕ್ಷಕ ನೂರಕ್ಕೆ ಹದಿನೆಂಟರಷ್ಟು ಒಳಕ್ಕೆ ಕುಗ್ಗುತ್ತದೆ. ಈ ಕುಗ್ಗುವಿಕೆ ಒಳಗೇ ನಿಲ್ಲುವುದಿಲ್ಲ. ಹೊರಗಿನ 6ಎಸ್ ಕಕ್ಷಕವೂ ನ್ಯೂಕ್ಲಿಯಸ್ಸಿನ ಹತ್ತಿರ ಹಾದುಹೋಗುವುದರಿಂದ ತಾನೂ ಕುಗ್ಗಿ ಕೆಳಗಿಳಿಯುತ್ತದೆ. ಒಳಗಿನವು ಕುಗ್ಗಿ ನ್ಯೂಕ್ಲಿಯಸ್ಸನ್ನು ಹೆಚ್ಚು ಮರೆಮಾಡಿದ್ದರಿಂದ 5ಡಿ ಕಕ್ಷಕಗಳು ಹಿಗ್ಗಿ ಮೇಲೇರುತ್ತವೆ. ಎರಡರ ನಡುವಿನ ಅಂತರ ಕಿರಿದಾಗಿ ಚಿನ್ನವು ನೀಲಿ ಬೆಳಕನ್ನು ಹೀರಿ ಹಳದಿಯಾಗಿ ಕಾಣುತ್ತದೆ; ಬೆಳ್ಳಿಯಲ್ಲಿ ಆ ಅಂತರ ಅತಿನೇರಳೆಯಲ್ಲೇ ಉಳಿಯುವುದರಿಂದ ಅದು ಬಿಳಿ. ಪಾದರಸದ ಕರಗುವ ಬಿಂದುವನ್ನು ಸಾಪೇಕ್ಷತೆಯಿಲ್ಲದೆ ಲೆಕ್ಕ ಹಾಕಿದರೆ 355 ಕೆಲ್ವಿನ್, ಸೇರಿಸಿದರೆ 250 ಕೆಲ್ವಿನ್ ಎಂದು ಪೀಟರ್ ಶ್ವೆರ್ಟ್‌ಫೆಗರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಅಳತೆಯಲ್ಲಿ ಸಿಗುವುದು 234. ಸಾಪೇಕ್ಷತೆಯೊಂದು ಇಲ್ಲದಿದ್ದರೆ ಹಳೆಯ ಜ್ವರಮಾಪಕದಲ್ಲಿ ಪಾದರಸ ಗಟ್ಟಿಯಾಗಿ ಕುಳಿತಿರುತ್ತಿತ್ತು.

ಇನ್ನೊಂದು ಉದಾಹರಣೆ ನನ್ನ ಮೇಜಿನ ಕೆಳಗೇ ಇದೆ. ಊರಿನಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ್ದರಿಂದ ರಾತ್ರಿಯಿಡೀ ಓಡುವ ಲೆಕ್ಕಗಳನ್ನು ಯುಪಿಎಸ್ ಇಲ್ಲದೆ ಹಚ್ಚುವ ಧೈರ್ಯ ನನಗಿಲ್ಲ. ಅದರೊಳಗಿರುವುದು ಸೀಸ ಮತ್ತು ಆಮ್ಲದ ಬ್ಯಾಟರಿ. ಅಂಥ ಬ್ಯಾಟರಿಯ ಒಂದು ಕೋಶದ 2.1 ವೋಲ್ಟಿನಲ್ಲಿ 1.7ರಿಂದ 1.8 ವೋಲ್ಟಿನಷ್ಟು ಸಾಪೇಕ್ಷತೆಯ ಕೊಡುಗೆಯೆಂದು ರಾಜೀವ್ ಅಹುಜಾ, ಪೆಕ್ಕಾ ಪ್ಯೂಕ್ಕೊ ಮತ್ತು ಸಂಗಡಿಗರು 2011ರಲ್ಲಿ ಲೆಕ್ಕ ಮಾಡಿ ಪ್ರಕಟಿಸಿದರು. ಆರು ಕೋಶಗಳ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹತ್ತು ವೋಲ್ಟಿಗೂ ಹೆಚ್ಚು ಐನ್‌ಸ್ಟೈನರ ಲೆಕ್ಕಕ್ಕೆ ಸೇರಿದ್ದು ಎಂದಾಯಿತು.

ಇಷ್ಟನ್ನು ಒಪ್ಪಿದ ಮೇಲೆ, ಸಾಪೇಕ್ಷತೆಯನ್ನು ಲೆಕ್ಕಕ್ಕೆ ಸೇರಿಸುವ ಹಗುರವಾದ ದಾರಿಗಳು ಬೇಕಾದಷ್ಟಿರುವಾಗ ಇಷ್ಟು ಭಾರದ ತಂತ್ರಾಂಶ ಏಕೆ ಎಂಬ ಪ್ರಶ್ನೆ ಬರುತ್ತದೆ. ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿದ ಎಡಿಎಫ್ ತಂತ್ರಾಂಶ ಜೋರಾ ಎಂಬ ಅಂದಾಜಿನಿಂದ ಹೆಸರಾಗಿದೆ. ಮ್ಯೂಲ್‌ಹೈಮಿನ ಓರ್ಕಾದಲ್ಲಿ ಜೋರಾ, ಡಗ್ಲಸ್-ಕ್ರೋಲ್-ಹೆಸ್, ಎಕ್ಸ್‌ಟುಸಿ ಎಂಬ ಮೂರೂ ಹಗುರ ದಾರಿಗಳಿವೆ. ಪೈಥಾನ್ ಬಲ್ಲವರಿಗೆ ಪೈಎಸ್‌ಸಿಎಫ್ ಇದೆ. ಇವೆಲ್ಲ ಒಳ್ಳೆಯ ತಂತ್ರಾಂಶಗಳೇ. ಆದರೆ ಅಂದಾಜಿನ ನಿಖರತೆ ಎಂಬ ಮಾತು ಎಷ್ಟು ಜಾರುವಂಥದು ಎಂಬುದನ್ನು ಅದೇ ಪಾದರಸದ ಅಯಾನಿನ ಮೂಲಕ ಕಾಗದದ ಮೇಲೆ ಪರೀಕ್ಷಿಸಿ ನೋಡಬಹುದು. ಒಂದೇ ಎಲೆಕ್ಟ್ರಾನಿರುವ ಅಯಾನಿಗೆ ಜೋರಾ ಕೊಡುವ ಶಕ್ತಿಗೂ ನಿಜವಾದ ಡಿರಾಕ್ ಶಕ್ತಿಗೂ ಸರಳವಾದ ಸಂಬಂಧವಿದೆ: ನಿಜವಾದುದನ್ನು, ಅದಕ್ಕೂ ಬೆಳಕಿನ ವೇಗದ ವರ್ಗದ ಎರಡರಷ್ಟಕ್ಕೂ ಇರುವ ಅನುಪಾತವನ್ನು ಒಂದರಿಂದ ಕಳೆದು ಬಂದದ್ದರಿಂದ ಭಾಗಿಸಬೇಕು. ಹಾಗೆ ಭಾಗಿಸಿದರೆ ಬರುವುದು ಋಣ 3899 ಹಾರ್ಟ್ರಿ. ಅಂದರೆ ಸಾಪೇಕ್ಷತೆಯನ್ನು ಪೂರ್ತಿ ಬಿಟ್ಟಾಗ ಆಗುವ ತಪ್ಪು 332 ಹಾರ್ಟ್ರಿಯಾದರೆ, ಜೋರಾದಿಂದ ಸೇರಿಸಿದಾಗ ಆಗುವ ತಪ್ಪು ಎದುರು ದಿಕ್ಕಿನಲ್ಲಿ 367 ಹಾರ್ಟ್ರಿ!

ಇದನ್ನು ಕಂಡು ಜೋರಾವನ್ನು ತಳ್ಳಿಹಾಕುವುದು ಅವಸರದ ಮಾತಾಗುತ್ತದೆ. ಅದೇ ಸಂಬಂಧದ ಪ್ರಕಾರ ದೋಷವು ಶಕ್ತಿಯ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆಯಾದ್ದರಿಂದ, ಬಂಧಗಳನ್ನು ಕಟ್ಟುವ ಹೊರಕವಚದ ಎಲೆಕ್ಟ್ರಾನುಗಳಿಗೆ ಬರುವ ಹೊತ್ತಿಗೆ ಅದು ಉಪೇಕ್ಷಿಸಬಹುದಾದಷ್ಟು ಸಣ್ಣದಾಗಿರುತ್ತದೆ. ಒಳಕವಚದ ದೊಡ್ಡ ದೋಷ ಅಣುವಿನಲ್ಲೂ ಬಿಡಿ ಪರಮಾಣುವಿನಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಎಚ್ಚರಿಕೆಯಿಂದ ಕಳೆದರೆ, ಹೊಡೆದುಹೋಗುತ್ತದೆ. ಅಳತೆಗೆ ಹೊಂದಿಸಿದ (ಸ್ಕೇಲ್ಡ್) ಜೋರಾ ಎಂಬ ರೂಪವಂತೂ ಈ ಅಯಾನಿಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಹಾಗಾಗಿ ಒಂದು ಅಂದಾಜು ನಿಖರವೇ ಎಂದು ಕೇಳುವ ಮೊದಲು ಯಾವ ಎಲೆಕ್ಟ್ರಾನಿನ ಯಾವ ಗುಣಕ್ಕೆ ಎಂದು ಕೇಳಬೇಕು. ಎಕ್ಸ್-ಕಿರಣದ ರೋಹಿತ, ಎನ್‌ಎಂಆರ್ ಸ್ಥಾನಪಲ್ಲಟ, ನ್ಯೂಕ್ಲಿಯಸ್ಸಿನ ಮೇಲಿನ ಎಲೆಕ್ಟ್ರಾನ್ ಸಾಂದ್ರತೆ, ಇವು ಬೇಕಾದವರಿಗೆ ಹೊರಕವಚಕ್ಕೆ ಸಾಕಾದ ಅಂದಾಜು ಸಾಲದು.

ಡಿರಾಕ್ ತಂತ್ರಾಂಶದ ಬೆಲೆ ನನಗೆ ಕಂಡದ್ದು ಇಲ್ಲಿ. ಅದು ಸಾಪೇಕ್ಷತೆಯನ್ನು ಒಂದೇ ಮೂಟೆಯಾಗಿ ಕೊಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬಿಚ್ಚಿ ಕೊಡುತ್ತದೆ. ಕೆಳಗಿನ ಮೆಟ್ಟಿಲು ಲೆವಿ-ಲೆಬ್ಲಾಂಡ್ ಹ್ಯಾಮಿಲ್ಟೋನಿಯನ್ನು (ಒಟ್ಟು ಶಕ್ತಿಯನ್ನು ಎಣಿಸುವ ಸೂತ್ರ), ಅಂದರೆ ಸಾಪೇಕ್ಷತೆಯೇ ಇಲ್ಲದ ಲೆಕ್ಕ. ಅದರ ಮೇಲೆ ಸ್ಪಿನ್ನಿನ ಪದಗಳನ್ನು ಮಾತ್ರ ಬಿಟ್ಟ ಲೆಕ್ಕ, ಆಮೇಲೆ ಎರಡು ಘಟಕಗಳ ಎಕ್ಸ್‌ಟುಸಿ, ಅದರ ಮೇಲೆ ನಾಲ್ಕು ಘಟಕಗಳ (ಡಿರಾಕ್ ಸಮೀಕರಣದಲ್ಲಿ ಎಲೆಕ್ಟ್ರಾನಿನ ಅಲೆಯ ಫಲನಕ್ಕೆ ಎರಡು ದೊಡ್ಡ, ಎರಡು ಸಣ್ಣ ಘಟಕಗಳಿರುತ್ತವೆ) ಡಿರಾಕ್-ಕೂಲಾಂಬ್, ಎಲ್ಲಕ್ಕೂ ಮೇಲೆ ಎಲೆಕ್ಟ್ರಾನುಗಳ ನಡುವಿನ ಕಾಂತೀಯ ಸಂಬಂಧವನ್ನು ಸೇರಿಸುವ ಗಾಂಟ್ ಪದ. ಇವೆಲ್ಲ ಒಂದೇ ತಂತ್ರಾಂಶದಲ್ಲಿ, ಒಂದೇ ಬೇಸಿಸ್ ಸೆಟ್ಟಿನ ಮೇಲೆ, ಇನ್‌ಪುಟ್ ಫೈಲಿನ ಒಂದು ಸಾಲಿನ ಬದಲಾವಣೆಯಿಂದ ಸಾಧ್ಯ. ಎರಡು ಬೇರೆ ಬೇರೆ ತಂತ್ರಾಂಶಗಳ ಉತ್ತರಗಳನ್ನು ಕಳೆದು ಇದು ಸಾಪೇಕ್ಷತೆಯ ಪರಿಣಾಮ ಎಂದು ಬರೆಯುವ ಪ್ರಬಂಧಗಳನ್ನು ನಾನು ಪರೀಕ್ಷಕನಾಗಿ ಓದಿದ್ದೇನೆ. ಆ ಅಂತರದಲ್ಲಿ ಬೇಸಿಸ್ ಸೆಟ್ಟಿನ ಪಾಲೆಷ್ಟು, ಸಾಪೇಕ್ಷತೆಯ ಪಾಲೆಷ್ಟು ಎಂದು ಬರೆದವರಿಗೇ ಗೊತ್ತಿರುವುದಿಲ್ಲ.

ಆ ತಪ್ಪನ್ನು ನಾನೂ ಮಾಡಿದವನೇ. ಹಲವು ವರ್ಷಗಳ ಹಿಂದೆ ಬೇರೊಂದು ತಂತ್ರಾಂಶದಲ್ಲಿ ಚಿನ್ನದ ಸಂಯುಕ್ತವೊಂದಕ್ಕೆ ಒಳಗಿನ ಅರವತ್ತು ಎಲೆಕ್ಟ್ರಾನುಗಳನ್ನು ಒಂದು ವಿಭವದೊಳಗೆ ಅಡಗಿಸಿ ಹತ್ತೊಂಬತ್ತನ್ನು ಮಾತ್ರ ಹೊರಗಿಡುವ ಬೇಸಿಸ್ ಸೆಟ್ಟನ್ನು ಆರಿಸಿ, ಮೇಲೆ ಡಗ್ಲಸ್-ಕ್ರೋಲ್ ಎಂಬ ಪದವನ್ನೂ ಬರೆದಿದ್ದೆ. ಆ ವಿಭವವನ್ನು ಹೊಂದಿಸಿದ್ದೇ ಸಾಪೇಕ್ಷತೆಯಿಂದ ಕೂಡಿದ ಪರಮಾಣು ಲೆಕ್ಕಗಳಿಗೆ. ನಾನು ಅದರ ಮೇಲೆ ಮತ್ತೊಮ್ಮೆ ಸಾಪೇಕ್ಷತೆಯನ್ನು ಹೇರಿದಂತಾಯಿತು. ಬಂದ ಬಂಧದೂರ ನೋಡಲು ಸಭ್ಯವಾಗಿಯೇ ಇತ್ತು. ಎಲ್ಲ ಎಲೆಕ್ಟ್ರಾನುಗಳನ್ನೂ ಎದುರಿಗಿಟ್ಟುಕೊಂಡು, ಕೆನೆತ್ ಡಯಲ್ ಅವರು ಇದಕ್ಕೆಂದೇ ಸಿದ್ಧಪಡಿಸಿದ ಬೇಸಿಸ್ ಸೆಟ್ಟುಗಳೊಡನೆ ಕೆಲಸ ಮಾಡುವ ರೂಢಿ ಡಿರಾಕ್‌ನಲ್ಲಿ ಬೇರೂರಿರುವುದರಿಂದ ಇಂಥ ಎಡವಟ್ಟಿಗೆ ಅಲ್ಲಿ ಅವಕಾಶ ಕಡಿಮೆ.

ಸ್ಪಿನ್-ಆರ್ಬಿಟ್ ಜೋಡಣೆಯ, ಅಂದರೆ ಎಲೆಕ್ಟ್ರಾನಿನ ಸ್ಪಿನ್ನಿಗೂ ಅದರ ಕಕ್ಷೆಯ ಚಲನೆಗೂ ಇರುವ ನಂಟಿನ, ವಿಷಯದಲ್ಲಿ ಈ ತಂತ್ರಾಂಶ ಕಲಿಸುವ ಪಾಠ ಇನ್ನೂ ಗಾಢವಾದದ್ದು. ಅಯೋಡಿನ್ ಪರಮಾಣುವಿನ ತಳಮಟ್ಟದ ಎರಡು ಸ್ಥಿತಿಗಳ ನಡುವಿನ ಅಂತರ, ಅಳತೆಯ ಪ್ರಕಾರ, ಶಕ್ತಿಯನ್ನು ಹೇಳುವ ತರಂಗಸಂಖ್ಯೆಯ ಮಾನದಲ್ಲಿ ಪ್ರತಿ ಸೆಂಟಿಮೀಟರಿಗೆ 7603. ಕೆಳಗಿನ ಸ್ಥಿತಿ ನಾಲ್ಕು ಮಡಿಯದು (ಒಂದೇ ಶಕ್ತಿಯ ನಾಲ್ಕು ಸ್ಥಿತಿಗಳು ಅದರಲ್ಲಿ ಸೇರಿವೆ), ಮೇಲಿನದು ಎರಡು ಮಡಿಯದು. ಹಾಗಾಗಿ ಕೆಳಗಿನದು ಸರಾಸರಿಗಿಂತ ಆ ಅಂತರದ ಮೂರನೇ ಒಂದರಷ್ಟು, ಅಂದರೆ 2534ರಷ್ಟು, ಕೆಳಗಿರುತ್ತದೆ. ಸ್ಪಿನ್-ಆರ್ಬಿಟ್ ಇಲ್ಲದ ಲೆಕ್ಕಕ್ಕೆ ಗೊತ್ತಿರುವುದು ಆ ಸರಾಸರಿ ಮಾತ್ರ. ಅಯೋಡಿನ್ ಅಣುವನ್ನು ಒಡೆದಾಗ ಇಂಥ ಎರಡು ಪರಮಾಣುಗಳು ಹೊರಬರುವುದರಿಂದ, ಪರಮಾಣುಗಳ ಪಾಲಿನಲ್ಲೇ ಒಂದು ಮೋಲಿಗೆ 60 ಕಿಲೋಜೂಲಿಗೂ ಮಿಕ್ಕಿದ ತಪ್ಪು ಸೇರಿಕೊಳ್ಳುತ್ತದೆ. ಅಣುವಿನೊಳಗಿನ ಸ್ಪಿನ್-ಆರ್ಬಿಟ್ ಅದರಲ್ಲಿ ಒಂದಿಷ್ಟನ್ನು ಮಾತ್ರ ಸರಿದೂಗಿಸುತ್ತದೆ. ಆ ಅಣುವನ್ನು ಒಡೆಯಲು ಬೇಕಾದ ಒಟ್ಟು ಶಕ್ತಿಯೇ 149 ಕಿಲೋಜೂಲಿನಷ್ಟು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನು ಸೂಕ್ಷ್ಮವಾಗಿ ಎಣಿಸುವ ಎಷ್ಟೇ ದುಬಾರಿ ಕಪಲ್ಡ್ ಕ್ಲಸ್ಟರ್ ವಿಧಾನವನ್ನು ತಂದರೂ ಈ ತಪ್ಪು ಅಲ್ಲಾಡುವುದಿಲ್ಲ.

ಡಿರಾಕ್‌ನಲ್ಲಿ ಈ ಅಂತರವನ್ನು ಪಡೆಯಲು ಆರು ಸ್ಪೈನರುಗಳಲ್ಲಿ (ಸ್ಪಿನ್ನನ್ನೂ ಒಳಗೊಂಡ ಕಕ್ಷಕಗಳಲ್ಲಿ) ಐದು ಎಲೆಕ್ಟ್ರಾನುಗಳು ಎಂದು ಬರೆದು ಮೊದಲು ಸರಾಸರಿಯ ಲೆಕ್ಕ ಮಾಡಿಸಿ, ಆಮೇಲೆ ಅದನ್ನು ಬಿಡಿ ಸ್ಥಿತಿಗಳಾಗಿ ಬಿಡಿಸಬೇಕು. ಹೊಸಬರಿಗೆ ಇದು ತಲೆನೋವಿನ ಜಾಗ. ಆದರೆ ಒಮ್ಮೆ ಕೈಗೆ ಹತ್ತಿದ ಮೇಲೆ ಗಾಂಟ್ ಪದವನ್ನು ಸೇರಿಸಿ, ತೆಗೆದು ನೋಡುವ ಸುಖ ಬೇರೆಲ್ಲೂ ಸಿಗದು. ಒಂದು ಎಲೆಕ್ಟ್ರಾನಿನ ಸ್ಪಿನ್ನು ಇನ್ನೊಂದು ಎಲೆಕ್ಟ್ರಾನಿನ ಚಲನೆಯೊಡನೆ ನಡೆಸುವ ವ್ಯವಹಾರ ಆ ಪದದಲ್ಲಿದೆ. ಅದನ್ನು ಸೇರಿಸಿದಾಗ ಸ್ಥಿತಿಗಳ ನಡುವಿನ ಅಂತರ ತುಸು ಕುಗ್ಗುತ್ತದೆ. ವಿಚಿತ್ರವೆಂದರೆ, ಪ್ರಮಾಣದ ದೃಷ್ಟಿಯಿಂದ ಈ ಕುಗ್ಗುವಿಕೆ ಫ್ಲೋರಿನ್‌ನಂಥ ಹಗುರ ಧಾತುಗಳಲ್ಲೇ ಹೆಚ್ಚು. ಸಾಪೇಕ್ಷತೆ ಎಂದರೆ ಆವರ್ತಕ ಕೋಷ್ಟಕದ ಕೆಳಸಾಲಿನವರ ಸಮಸ್ಯೆ ಎಂದುಕೊಂಡ ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುವ ಅಭ್ಯಾಸ ಇದೇ.

ಮಿತಿಗಳನ್ನೂ ಹೇಳಬೇಕು. ನಾಲ್ಕು ಘಟಕಗಳ ಲೆಕ್ಕದಲ್ಲಿ ಪ್ರತಿ ದೊಡ್ಡ ಘಟಕದ ಬೇಸಿಸ್ ಫಲನಕ್ಕೆ ಜೊತೆಯಾಗಿ ಸಣ್ಣ ಘಟಕದ ಫಲನಗಳು ಬರಲೇಬೇಕು. ಆ ಸಮತೋಲನ ತಪ್ಪಿದರೆ ಉತ್ತರವು ತಳವಿಲ್ಲದ ಬಾವಿಗೆ ಬಿದ್ದಂತೆ ಕುಸಿಯುತ್ತದೆ. ಸಣ್ಣ ಘಟಕದ ಫಲನಗಳ ಸಂಖ್ಯೆ ದೊಡ್ಡದರ ಎರಡು ಪಟ್ಟಿಗೂ ಮಿಕ್ಕುವುದರಿಂದ ಅವುಗಳ ನಡುವಿನ ಅನುಕಲಗಳು ಸಮಯವನ್ನೆಲ್ಲ ನುಂಗುತ್ತವೆ. ಅದಕ್ಕೆ ಒಂದು ಜಾಣ ಪರಿಹಾರವೂ ಒಳಗೇ ಇದೆ: ಸಣ್ಣ ಘಟಕದ ಎಲೆಕ್ಟ್ರಾನ್ ಸಾಂದ್ರತೆ ಆಯಾ ಪರಮಾಣುವಿನ ಒಡಲಲ್ಲೇ ಅಡಗಿರುತ್ತದೆಯಾದ್ದರಿಂದ, ಆ ಅನುಕಲಗಳನ್ನು ಬಿಟ್ಟು, ಅವುಗಳ ಬದಲಿಗೆ ಪರಮಾಣುಗಳ ನಡುವಿನ ಸರಳ ಕೂಲಾಂಬ್ ತಿದ್ದುಪಡಿಯನ್ನು ಸೇರಿಸುವ ವಿಧಾನವನ್ನು ವಿಷರ್ 1997ರಲ್ಲಿ ತೋರಿಸಿದರು. ತಂತ್ರಾಂಶ ತಾನಾಗಿ ಅನುಸರಿಸುವುದೂ ಅದನ್ನೇ. ಪೂರ್ತಿ ಅನುಕಲಗಳನ್ನು ಕೇಳಿ ಹಲವು ಸಣ್ಣ ಅಣುಗಳಲ್ಲಿ ಹೋಲಿಸಿ ನೋಡಿದ ಮೇಲೆ ಬಂಧದೂರಗಳಿಗಾಗಿ ಆ ಖರ್ಚು ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಗಾಂಟ್ ಪದ ಹಾರ್ಟ್ರಿ-ಫಾಕ್ ಹಂತದಲ್ಲಿ, ಅಂದರೆ ಪ್ರತಿ ಎಲೆಕ್ಟ್ರಾನೂ ಉಳಿದವುಗಳ ಸರಾಸರಿ ಕ್ಷೇತ್ರವನ್ನಷ್ಟೇ ಕಾಣುವ ಲೆಕ್ಕದಲ್ಲಿ, ಮಾತ್ರ ಲಭ್ಯ. ಅಣುವಿನ ಆಕಾರವನ್ನು ತಿದ್ದಿ ತೀಡುವ ಕೆಲಸಕ್ಕೆ ಈ ತಂತ್ರಾಂಶವನ್ನು ಹಿಡಿಯುವುದು ಶ್ರಮದ ದುಂದು. ನಲವತ್ತು ಐವತ್ತು ಪರಮಾಣುಗಳ ಸಂಕೀರ್ಣದ ರಚನೆಯನ್ನು ಓರ್ಕಾದಂಥದರಲ್ಲಿ ಹೊಂದಿಸಿಕೊಂಡು, ಆ ರಚನೆಯ ಮೇಲೆ ಒಂದೇ ಒಂದು ಲೆಕ್ಕಕ್ಕೆ ಇಲ್ಲಿಗೆ ತರುವುದು ನನ್ನ ಕ್ರಮ. ಕೈಪಿಡಿ ವಿಸ್ತಾರವಾಗಿದೆ, ಟ್ಯುಟೋರಿಯಲ್ಲುಗಳು ಪ್ರಾಮಾಣಿಕವಾಗಿವೆ. ಆದರೆ ಅವು ಓದುಗನಿಗೆ ಸ್ಪೈನರು, ಕಾಲವಿಪರ್ಯಯ ಸಮ್ಮಿತಿ, ಕ್ವಾಟರ್ನಿಯನ್ ಬೀಜಗಣಿತಗಳ ಪರಿಚಯವಿದೆಯೆಂದು ನಂಬಿ ಬರೆದವು. ಸ್ಥಾಪಿಸುವಾಗ ಫೋರ್ಟ್ರಾನ್ ಕಂಪೈಲರು, ಸಿಮೇಕ್, ಪೈಥಾನ್ ಮೂರೂ ಬೇಕು, ಮತ್ತು ಸ್ಥಾಪಿಸಿದ ಮೇಲೆ ಅದರ ಜೊತೆಗೇ ಬರುವ ಪರೀಕ್ಷೆಗಳನ್ನು ಓಡಿಸದೆ ಮುಂದೆ ಹೋಗಬಾರದು. ಗಣಿತ ಗ್ರಂಥಾಲಯದ ಪೂರ್ಣಾಂಕಗಳು 32 ಬಿಟ್ಟಿನವೋ 64 ಬಿಟ್ಟಿನವೋ ಎಂದು ನೋಡಿಕೊಳ್ಳದೆ ನಾನು ಒಂದು ವಾರಾಂತ್ಯವನ್ನು ಕಳೆದುಕೊಂಡೆ. ಆ ಪರೀಕ್ಷೆಗಳನ್ನು ಮೊದಲೇ ಓಡಿಸಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಎಕ್ಸ್‌ಟುಸಿ ಮೆಟ್ಟಿಲಿಗೆ ಪ್ರತ್ಯೇಕವಾಗಿ ಒಂದು ಮಾತು ಸಲ್ಲಬೇಕು. ಸಣ್ಣ ಘಟಕವನ್ನು ಮ್ಯಾಟ್ರಿಕ್ಸಿನ ಮಟ್ಟದಲ್ಲಿ ನಿಖರವಾಗಿ ಬೇರ್ಪಡಿಸಿ ಕೈಬಿಡುವ ಈ ವಿಧಾನ ಒಂದೇ ಎಲೆಕ್ಟ್ರಾನಿನ ಲೆಕ್ಕದಲ್ಲಿ ನಾಲ್ಕು ಘಟಕಗಳ ಉತ್ತರವನ್ನೇ ಕೊಡುತ್ತದೆ; ಎಲೆಕ್ಟ್ರಾನುಗಳ ನಡುವಿನ ಸ್ಪಿನ್-ಆರ್ಬಿಟ್ ಪಾಲನ್ನು ಮಾತ್ರ ಪರಮಾಣುವಿನ ಸರಾಸರಿ ಕ್ಷೇತ್ರದಿಂದ ತುಂಬಿಸಿಕೊಳ್ಳಬೇಕಾಗುತ್ತದೆ. ಅಲೆಯ ಫಲನವನ್ನು ರೂಪಾಂತರಿಸಿದಾಗ ಅಳೆಯುವ ಗುಣದ ಆಪರೇಟರನ್ನೂ ಹಾಗೆಯೇ ರೂಪಾಂತರಿಸಬೇಕು. ಇಲ್ಲದಿದ್ದರೆ ನ್ಯೂಕ್ಲಿಯಸ್ಸಿನ ಹತ್ತಿರದ ಗುಣಗಳೆಲ್ಲ ಕೆಡುತ್ತವೆ. ಡಿರಾಕ್ ಅದನ್ನು ನಮಗೆ ಹೇಳದೆಯೇ ಮಾಡಿಕೊಳ್ಳುತ್ತದೆ. ನನ್ನ ಹದಿನಾರು ಕೋರಿನ ಯಂತ್ರದಲ್ಲಿ ನಿತ್ಯದ ಕೆಲಸವೆಲ್ಲ ಈ ಮೆಟ್ಟಿಲಿನಲ್ಲೇ ನಡೆಯುತ್ತದೆ.

ಆದರೂ ನಿಖರತೆಯ ಕೊನೆಯ ತೀರ್ಪು ಬಹುತೇಕ ಹ್ಯಾಮಿಲ್ಟೋನಿಯನ್ನಿನ ಕೈಯಲ್ಲಿರುವುದಿಲ್ಲ. ಚಿನ್ನದ ಅಯಾನೀಕರಣ ಶಕ್ತಿ 9.2256 ಎಲೆಕ್ಟ್ರಾನ್ ವೋಲ್ಟ್. ಲೆಕ್ಕ ಮತ್ತು ಅಳತೆಗಳ ನಡುವೆ ಬಹುಕಾಲ ಉಳಿದುಕೊಂಡಿದ್ದ ಅಂತರವನ್ನು 2017ರಲ್ಲಿ ಪಾಶ್ಟೇಕಾ, ಎಲಿಯಾವ್, ಬೋರ್ಶೆವ್ಸ್ಕಿ, ಕಾಲ್ಡೋರ್, ಶ್ವೆರ್ಟ್‌ಫೆಗರ್ ಅವರು ಎಲೆಕ್ಟ್ರಾನ್ ವೋಲ್ಟಿನ ಕೆಲವೇ ಸಾವಿರಾಂಶಗಳಿಗೆ ಇಳಿಸಿದಾಗ, ಅದಕ್ಕೆ ಬ್ರೈಟ್ ಪದ (ಗಾಂಟ್ ಪದದ ಪೂರ್ಣ ರೂಪ) ಮತ್ತು ಕ್ವಾಂಟಂ ವಿದ್ಯುದ್ಗತಿಶಾಸ್ತ್ರದ ತಿದ್ದುಪಡಿಗಳಷ್ಟೇ ಅಲ್ಲ, ಏಕಕಾಲಕ್ಕೆ ಐದು ಎಲೆಕ್ಟ್ರಾನುಗಳನ್ನು ಎತ್ತುವವರೆಗಿನ ಕಪಲ್ಡ್ ಕ್ಲಸ್ಟರ್ ಬೇಕಾಯಿತು. ಸಾಧಾರಣ ಬೇಸಿಸ್ ಸೆಟ್ಟಿನಲ್ಲಿ ಹಾರ್ಟ್ರಿ-ಫಾಕ್ ಮಾಡಿ, ನಾಲ್ಕು ಘಟಕಗಳಿವೆ ಎಂಬ ಒಂದೇ ಹೆಮ್ಮೆಯಿಂದ ಅದನ್ನು ಉನ್ನತ ನಿಖರತೆಯ ಲೆಕ್ಕ ಎನ್ನುವವರಿಗೆ ಈ ಉದಾಹರಣೆಯನ್ನು ತೋರಿಸಬೇಕು.

ಸಾಪೇಕ್ಷತೆಯನ್ನು ತಿದ್ದುಪಡಿಯೆಂದು ಕಾಣದೆ ಅದನ್ನೇ ಬಂಡವಾಳ ಮಾಡಿಕೊಂಡ ಕೆಲಸಗಳೂ ಇವೆ, ಮತ್ತು ಅವುಗಳಲ್ಲಿ ಒಂದು ನಮಗೆ ಹತ್ತಿರದ್ದು. ಎಲೆಕ್ಟ್ರಾನಿಗೆ ವಿದ್ಯುತ್ ದ್ವಿಧ್ರುವ ಆಘೂರ್ಣವಿದೆಯೇ ಎಂದು ಹುಡುಕುವ ಪ್ರಯೋಗಗಳಲ್ಲಿ ಅಣುವಿನೊಳಗೆ ಎಲೆಕ್ಟ್ರಾನು ಅನುಭವಿಸುವ ಪರಿಣಾಮಕಾರಿ ಕ್ಷೇತ್ರ ಎಷ್ಟೆಂಬುದನ್ನು ಅಳೆಯಲಾಗದು, ಲೆಕ್ಕ ಹಾಕಿಯೇ ತಿಳಿಯಬೇಕು; ಸಾಪೇಕ್ಷತೆ ಇಲ್ಲದ ಲೆಕ್ಕದಲ್ಲಿ ಅದರ ಉತ್ತರ ಸೊನ್ನೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳಭೌತ ಸಂಸ್ಥೆಯಲ್ಲಿ ಬಿ. ಪಿ. ದಾಸ್ ಅವರ ಬಳಗ ಇಂಥ ಲೆಕ್ಕಗಳನ್ನು ಬಹುಕಾಲ ನಡೆಸಿತು. ಪಾದರಸದ ಮಾನೋಹ್ಯಾಲೈಡುಗಳು ಈ ಹುಡುಕಾಟಕ್ಕೆ ಯೋಗ್ಯವೆಂದು ಅವರು ಮತ್ತು ಸಹಲೇಖಕರು 2015ರಲ್ಲಿ ಸೂಚಿಸಿದರು. ಅಲ್ಲಿ ಲೆಕ್ಕದ ದೋಷ ನೂರಕ್ಕೆ ಹತ್ತು ಎಂದರೆ ಪ್ರಯೋಗದಿಂದ ಹೊರಡುವ ಮಿತಿಯೂ ಅಷ್ಟೇ ಅಲುಗಾಡುತ್ತದೆ.

ಯಾರು ಇದನ್ನು ಇಳಿಸಿಕೊಳ್ಳಬೇಕು ಎಂದು ಕೇಳಿದರೆ, ಕಬ್ಬಿಣ, ತಾಮ್ರಗಳ ಸಂಕೀರ್ಣಗಳಲ್ಲಿ ಕ್ರಿಯೆಯ ದಾರಿ ಹುಡುಕುವವರಿಗೆ ಬೇಡ ಎನ್ನುತ್ತೇನೆ. ಚಿನ್ನ, ಪಾದರಸ, ಸೀಸ, ಯುರೇನಿಯಂಗಳ ಮೇಲೆ ಕೆಲಸ ಮಾಡುತ್ತ ತಮ್ಮ ನಿತ್ಯದ ಅಂದಾಜನ್ನು ಒರೆಗೆ ಹಚ್ಚಿ ನೋಡಬೇಕೆನ್ನುವವರಿಗೆ ಖಂಡಿತ ಬೇಕು. ಒರೆಗಲ್ಲಿನಿಂದ ಯಾರೂ ಆಭರಣ ಮಾಡುವುದಿಲ್ಲ, ಆದರೆ ಅದಿಲ್ಲದೆ ಅಕ್ಕಸಾಲಿಗ ಅಂಗಡಿ ತೆರೆಯುವುದೂ ಇಲ್ಲ. ಅವರಿಗೆ ಒಂದೇ ಕಿವಿಮಾತು: ಮೊದಲ ಲೆಕ್ಕವನ್ನು ಲೆವಿ-ಲೆಬ್ಲಾಂಡ್‌ನಿಂದ, ಸಂಕೋಚಿಸದ (ಫಲನಗಳನ್ನು ಮೊದಲೇ ಕಟ್ಟುಗಳಾಗಿ ಕೂಡಿಸದ) ಬೇಸಿಸ್ ಸೆಟ್ಟಿನೊಡನೆ ಹಚ್ಚಬೇಕು, ಬಂದ ಉತ್ತರ ಬೇರೊಂದು ತಂತ್ರಾಂಶದ ಸಾಪೇಕ್ಷತೆಯಿಲ್ಲದ ಉತ್ತರದೊಡನೆ ಕೊನೆಯ ಅಂಕಿಯವರೆಗೆ ಕೂಡುವ ತನಕ ಮೇಲಿನ ಮೆಟ್ಟಿಲಿಗೆ ಕಾಲಿಡಬಾರದು. ಹಾಗೆ ಹೋಲಿಸುವಾಗ ಎರಡೂ ಕಡೆ ನ್ಯೂಕ್ಲಿಯಸ್ಸು ಬಿಂದುವೋ ಮೋಡವೋ ಎಂಬುದನ್ನು ಮೊದಲು ನೋಡಿಕೊಂಡರೆ ಎರಡು ಸಂಜೆಗಳು ಉಳಿಯುತ್ತವೆ.